ಒಣಗಿದ ಗಾಯ

ಬೈತಖೋಲ, ಕಾರವಾರ
೧೬-೧೨-೨೦೦೭

ಮುದ್ದಿನ ಮಗಳು ಪ್ರಗತಿಗೆ ನಿನ್ನ ಆಯಿಯ ಆಶೀರ್ವಾದ.

ಪಕ್ಕದ ಮನೆಯ ಗಂಗೆಯ ಫೋನಿಗೆ ನೀನು ಕರೆ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: ಆಯಿ, ಗುಳಿಗೆ ತಕಂಡ್ಯಾ? ಉಂಡೆಯಾ ಎಂದು ಒಂದು ದಿನವೂ ಕೇಳಲಿಲ್ಲ. ಏಳು ತಿಂಗಳ ಬಸುರಿ ನೀನು. ನಾನು ನಿನ್ನನ್ನು ಕೇಳಬೇಕಾದ್ದನ್ನು ನೀನು ನನ್ನನ್ನು ಕೇಳುತ್ತೀ. ನನ್ನ ಚಿಂತೆ ಬಿಡು.

ಬಿಣಗಾದ ಶಾಂತಾರಾಮ ತೀರಿಕೊಂಡ. ಈ ಮಳೆಗಾಲದಲ್ಲಿ ನನಗೂ ಅವನಿಗೂ ಒಂದೇ ದಿನ ಹೃದಯದ ಮುಖ್ಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರಲ್ಲ, ಅವನೇ. ರಕ್ತ ತೆಳ್ಳಗಾಗುವ ಗುಳಿಗೆಯನ್ನು ವರ್ಷವಿಡೀ ತಪ್ಪಿಸಬಾರದು, ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುತ್ತದೆ, ಆಸ್ಪತ್ರೆ ಮುಟ್ಟುವಷ್ಟೂ ಹೊತ್ತು ಸಿಗುವುದಿಲ್ಲ ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. ಇವನು ಹಲ್ಲು ಕೀಳಿಸಲೆಂದು ಗುಳಿಗೆ ಬಿಟ್ಟನಂತೆ. ಚಹಾ ಕುಡಿಯುತ್ತ ಕೂತವನು ಕೂತಲ್ಲೇ ಹೋದ. ಅವನ ಹೆಂಡತಿಯ ಮುಖ ನೋಡಲಾಗಲಿಲ್ಲ. ಬುದ್ಧಿ ಬೇಡವೇ ಎಂದು ದಾರಿಯುದ್ದ ಬೈದುಕೊಂಡೇ ಬಂದೆ.

ಮೀನುಪೇಟೆಯ ಸುದ್ದಿ ಕೇಳು. ಗುಳಿಗೆ ಶುರುವಾದ ಮೇಲೆ ಮೀನು ಕೊಯ್ಯುವ ಮೆಟ್ಟುಗತ್ತಿ ಒಂಚೂರು ತಾಗಿದರೂ ಬೆರಳಿನ ರಕ್ತ ನಿಲ್ಲುತ್ತಿರಲಿಲ್ಲ. ಬಟ್ಟೆ ಸುತ್ತಿದರೆ ಅದೂ ಕೆಂಪು, ಬಂಗಡೆಯೂ ಕೆಂಪು. ನೀನು ಹುಟ್ಟುವ ಮೊದಲಿನಿಂದ ನನ್ನ ಹತ್ತಿರವೇ ಮೀನು ಕೊಳ್ಳುವ ಶಿರವಾಡ ಶಾಲೆಯ ಅಕ್ಕೋರು ಒಂದು ದಿನ, ಇದು ಮೀನಿನ ರಕ್ತವೋ ನಿಂದೋ ದುರ್ಗಾ, ಎಂದು ಕೇಳಿ, ಪೇಟೆಯಲ್ಲೂ ನನ್ನ ಪಕ್ಕದಲ್ಲೇ ಮೀನು ಮಾರುವ ಗಂಗೆಯ ಬುಟ್ಟಿಗೆ ಹೋದರು. ಅವರ ಹಿಂದೆ ಉಳಿದವರೂ ಹೋದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನ್ನ ಕೈ ರಕ್ತವಾಗಿ ಏನು ಸಿಕ್ಕಿತು ಹೇಳು? ತುಂಬಿದ ಬುಟ್ಟಿಯನ್ನೇ ಹೊತ್ತು ಮನೆಗೆ ಬಂದು ಅತ್ತುಬಿಟ್ಟೆ.

ಈಗ ಹಾಗಿಲ್ಲ. ದೀಪಾವಳಿ ಕಳೆದ ಮೇಲೆ ಗಾಯ ಬೇಗ ಒಣಗುತ್ತದೆ. ಅಕ್ಕೋರು ತಿರುಗಿ ಬರುತ್ತಿದ್ದಾರೆ. ನಿನ್ನ ಬಾಣಂತನ ಈ ಕೈಯ ದುಡಿಮೆಯಿಂದಲೇ ಆಗಬೇಕು. ಬೀಗರೆದುರು ಕೈಚಾಚುವವಳಲ್ಲ ನಿನ್ನ ಆಯಿ. ಬುಟ್ಟಿ ಎತ್ತುವಾಗ ಎದೆ ಸ್ವಲ್ಪ ಹಿಡಿಯುತ್ತದೆ, ಇಳಿಸಿದರೆ ಹೋಗುತ್ತದೆ. ಅದಕ್ಕೆಲ್ಲ ಫೋನಿನಲ್ಲಿ ಕೂಗಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನದೇ ಚಿಂತೆಯಲ್ಲಿರುವ
ಆಯಿ,
ದುರ್ಗಾ

ತಾ.ಕ.: ಮುಂದಿನ ವಾರ ಅಳಿಯ ರೋಷನ ಬರುವಾಗ ಅವನ ಕೈಯಲ್ಲಿ ಗುಳಿಗೆ ಕಳಿಸಬೇಡ. ದೀಪಾವಳಿಗೆ ನೀನು ತಂದ ಪೊಟ್ಟಣವೇ ಒಡೆಯದೆ ಇದೆ. ಅದರ ಬದಲು ಅಂಕೋಲೆ ಪೇಟೆಯಿಂದ ಮೆತ್ತನೆಯ ಬಟ್ಟೆ ತರಲಿ, ಮಗುವಿಗೆ ಕುಂಚಿಗೆ ಹೊಲಿಯುತ್ತೇನೆ. ಹುಟ್ಟುವ ಮೊದಲು ಹೊಲಿಯಬಾರದು ಅನ್ನುತ್ತಾರೆ. ಇರಲಿ, ನಾನು ಈಗಲೇ ಹೊಲಿದಿಡುತ್ತೇನೆ.