ವಿಮಾನಕ್ಕೆ ಸೋತ ಗಂಟಲು

ಏಪ್ರಿಲ್ 5, 2023, ಬುಧವಾರ. ಮಧ್ಯಾಹ್ನ 2

ಮಹಾಜನಗಳೇ! ಮುಂದೆ ಚಾಪೆ ಹಾಸಿ ಕೂತ ತಾಯಂದಿರೇ! ಹಿಂದೆ ಟ್ರ್ಯಾಕ್ಟರ್ ಹತ್ತಿ ನಿಂತ ಯಜಮಾನರೇ! ಬೂದಿಗೆರೆಯ ರಾಜಪಾರ್ಟು ಕೊಂಡಪ್ಪ ಈಗ ನಿಮ್ಮೆದುರು... ಸ್ಲೇಟು ಬಳಪ ಹಿಡಿದು ಕೂತಿದ್ದಾನೆ.

ಯಾರೂ ಇಲ್ಲ. ಹಳೇ ಡೈರಿ, ನಾನು. ಮೌನದ ಮೂರನೇ ದಿನ. ಇನ್ನು ಹದಿನೆಂಟು. ಪಿಸುಮಾತೂ ಕೂಡದು ಅಂದಿದ್ದಾರೆ ಡಾಕ್ಟರು.

ತಪ್ಪು ನನ್ನದೇ. ಶನಿವಾರದ ನಾಟಕ. ಸಿಂಹಾಸನದಿಂದ ಎದ್ದು ಸವಾಲು ಹಾಕುವ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲೆ ವಿಮಾನ. ಉಳಿದವರು ಅದು ದಾಟುವ ತನಕ ಕಿರೀಟ ಸರಿಮಾಡಿಕೊಳ್ಳುತ್ತ ನಿಲ್ಲುತ್ತಾರೆ. ಏರ್‌ಪೋರ್ಟು ಬಂದಾಗಿನಿಂದ ನಮ್ಮ ಕಡೆ ಅದೇ ಪದ್ಧತಿ. ನಾನು ನಿಲ್ಲಲಿಲ್ಲ. ಮೈಕು ತಳ್ಳಿ ವಿಮಾನಕ್ಕೇ ಸವಾಲು ಹಾಕಿದೆ. ಜನ ಒನ್ಸ್‌ಮೋರ್ ಅಂದರು. ಎರಡನೇ ಸಲ ಬಾಯಿಂದ ಬಂದದ್ದು ಬರೀ ಗಾಳಿ.

ವಿಮಾನ ಅದರ ಪಾಡಿಗೆ ಹೋಯಿತು.

ಏಪ್ರಿಲ್ 7, ಶುಕ್ರವಾರ

ಸೊಸೆ ನವ್ಯಶ್ರೀ ಏರ್‌ಪೋರ್ಟಿನ ಡ್ಯೂಟಿಗೆ ಹೊರಡುವ ಮುಂಚೆ ಟಿವಿಯಲ್ಲಿ ಕೊರಿಯಾದ ಸೀರಿಯಲ್ ಹಾಕಿಕೊಟ್ಟಳು. ತೆಲುಗು ಡಬ್ಬಿಂಗ್. ಹದಿನಾರು ಎಪಿಸೋಡ್.

“ಮಾವ, ಅತ್ತೆ ಜೊತೆ ಕೂತು ನೋಡಿ. ಮಧ್ಯೆ ನೀವು ಡೈಲಾಗ್ ಹೇಳೋಹಂಗಿಲ್ಲ, ಅತ್ತೆಗೆ ಇಂಥಾ ಚಾನ್ಸ್ ಮತ್ತೆ ಸಿಗಲ್ಲ.”

ನಾಯಕ ಗಡಿಯಾರ ರಿಪೇರಿಯವನು. ನಾಯಕಿಗೆ ಎದುರುಗಡೆ ಸಣ್ಣ ಹೋಟೆಲ್ಲು. ಅವನು ಗಾಜಿನಿಂದ ನೋಡುತ್ತಾನೆ. ಅವಳು ಸೂಪು ಕುದಿಸುತ್ತಾಳೆ. ಇಷ್ಟೇ. ಎರಡು ಗಂಟೆ! ಪದ್ಯವಿಲ್ಲ, ಶಪಥವಿಲ್ಲ, ತೊಡೆ ತಟ್ಟುವವನಿಲ್ಲ. ಸ್ಲೇಟಿನ ತುಂಬ ಬರೆದೆ: ಇವನು ಯಾವ ಸೀಮೆ ನಾಯಕ!!!

ಪಕ್ಕದಲ್ಲಿದ್ದ ಇವಳು, ನನ್ನ ಹೆಂಡತಿ, ಓದಿ ಒರೆಸಿದಳು. “ಬಳಪದಲ್ಲೂ ಗದರ್ತೀರಲ್ಲ!”

ಏಪ್ರಿಲ್ 12, ಬುಧವಾರ. ಮಧ್ಯಾಹ್ನ 3

ಹೊರಗೆ ದ್ರಾಕ್ಷಿ ಚಪ್ಪರ ಸುಡುತ್ತಿದೆ. ಒಳಗೆ ಹಿಮ.

ವಿಮಾನ ಬಂದರೆ ಇವಳು ರಿಮೋಟ್ ಒತ್ತುತ್ತಾಳೆ. ಹಿಮ ಅರ್ಧ ಗಾಳಿಯಲ್ಲೇ ನಿಲ್ಲುತ್ತದೆ. ಅವನ ಕೈಯಲ್ಲಿ ಕೊಡೆ ಅರ್ಧ ಬಿಚ್ಚಿಕೊಂಡಿದೆ. ನಾವಿಬ್ಬರೂ ಕಾಯುತ್ತೇವೆ. ಸದ್ದು ದೂರವಾಗುತ್ತದೆ... ಮತ್ತೆ ಹಿಮ ಬೀಳುತ್ತದೆ. ಕಾಯುವುದು ಹೀಗಿರುತ್ತದೆಂದು ಅರವತ್ತನಾಲ್ಕು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನ್ನ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ.

ಇವಳ ಎಡಗೆನ್ನೆಯ ಮೇಲೆ ಟಿವಿಯ ಬೆಳಕು. ಅಲ್ಲೊಂದು ಮಚ್ಚೆ. ಮೊದಲಿಂದಲೂ ಇತ್ತೇ?

ಏಪ್ರಿಲ್ 16, ಭಾನುವಾರ

ಹನ್ನೊಂದನೇ ಎಪಿಸೋಡ್. ಇಲ್ಲಿಯ ತನಕ ಅವಳನ್ನು “ಹೋಟೆಲಿನವರೇ” ಅನ್ನುತ್ತಿದ್ದವನು ಇವತ್ತು ಬಸ್‌ಸ್ಟಾಪಿನಲ್ಲಿ, ಮೆಲ್ಲಗೆ, ಹೆಸರು ಹಿಡಿದು ಕರೆದ. ಬರೀ ಹೆಸರು. ಅವಳು ಬಸ್ಸು ಬಿಟ್ಟಳು.

ಇವಳು ಅದನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದಳು. ಆಮೇಲೆ ಟಿವಿಗೇ ಹೇಳುವ ಹಾಗೆ: “ನಮ್ಮಪ್ಪ ಹೋದ್ಮೇಲೆ ನನ್ನ ಯಾರೂ ಹಂಗೆ ಕರ್ದಿಲ್ಲ. ಅಕ್ಕ ಅಂತಾರೆ, ಅಮ್ಮ ಅಂತಾರೆ. ನೀವು ‘ಲೇ’ ಅಂತೀರ, ಎರಡು ಬೀದಿಗೆ ಕೇಳೋಹಂಗೆ.”

ಸ್ಲೇಟು ತಗೊಂಡೆ. ‘ಲೇ’ ಅಂತ ಬರೆದು ನೋಡಿ, ಅಂಗೈಯಲ್ಲಿ ಒರೆಸಿದೆ.

ಇವಳ ಹೆಸರನ್ನು ಒಂದೇ ಸಲ ಹೇಳಿದ್ದೇನೆ. ಮದುವೆಯ ದಿನ, ಹೊಸಿಲಲ್ಲಿ, ಹೆಸರು ಹೇಳುವ ಶಾಸ್ತ್ರ. ಪದ್ಯ ಕಟ್ಟಿ, ರಾಗ ಎಳೆದು, ಗರ್ಜಿಸಿದೆ. ಜನ ಚಪ್ಪಾಳೆ ತಟ್ಟಿದರು. ಅವತ್ತು ಹೇಳಿದ್ದು ಇವಳಿಗಲ್ಲ, ಚಪ್ಪರಕ್ಕೆ.

ಏಪ್ರಿಲ್ 20, ಗುರುವಾರ

ನಾಟಕದ ಸಂಘದ ಅಪ್ಪಯ್ಯಣ್ಣ ಬಂದಿದ್ದ. “ಕೊಂಡಣ್ಣಾ, ಸೋಮವಾರ ಏಳಕ್ಕೆ ಹಾರ್ಮೋನಿಯಂ ಇಲ್ಲಿಗೇ ಹೊತ್ಕೊಂಡ್ ಬರ್ತೀವಿ. ನಿನ್ನ ಶ್ರುತೀಲಿ, ಆ ಕಪ್ಪು ಕೀಲಿಯ ಎರಡನೇ ಮನೇಲಿ, ಒಂದ್ಸಲ ಅಬ್ಬರಿಸ್ಬಿಡು. ಬಂತಾ, ಮುಂದಿನ ನಾಟಕದ ರಾಜಪಾರ್ಟು ನಿಂದೇ. ಇಲ್ಲಾಂದ್ರೆ ಮುನಿಕೃಷ್ಣಂಗೆ ವೀಳ್ಯ ಕೊಡ್ಬೇಕಾಗ್ತದೆ. ಬೇಜಾರ್ ಮಾಡ್ಕೋಬೇಡ.”

ಮುನಿಕೃಷ್ಣ! ಮೈಕು ನುಂಗುವ ಹಾಗೆ ಹಿಡಿಯುವವನು!

ಏಪ್ರಿಲ್ 21, ಶುಕ್ರವಾರ

ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. “ವಾಸಿಯಾಗ್ತಿದೆ. ಮೆಲ್ಲಗೆ ಮಾತಾಡಿದ್ರೆ ಉಳಿಯುತ್ತೆ. ಕಿರುಚಿದ್ರೆ ಹರಿಯುತ್ತೆ. ಆಮೇಲೆ ನಾಟಕಾನೂ ಇಲ್ಲ, ಮಾತೂ ಇಲ್ಲ.”

ವಾಪಸ್ ಬರುವಾಗ ಬಸ್ಸಿನಲ್ಲಿ ಇವಳು ಕಿಟಕಿ ಕಡೆ ನೋಡುತ್ತ ಕೂತಿದ್ದಳು. “ಇಷ್ಟು ದಿನ ಮನೆ ತಣ್ಣಗಿತ್ತು. ಇರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ... ಪೂರ್ತಿ ಮೂಕರಾಗ್ಬಿಟ್ರೆ ನಂಗೆ ಭಯ ಆಗ್ತದೆ.”

ಏಪ್ರಿಲ್ 23, ಭಾನುವಾರ. ಸಂಜೆ 6

ಹದಿನಾರೂ ಮುಗಿಯಿತು. ಕೊನೆಯಲ್ಲೂ ಅವನು ಏನೂ ಸಾರಲಿಲ್ಲ. ಅವಳ ಹೋಟೆಲಿನ ನಿಂತುಹೋದ ಗಡಿಯಾರಕ್ಕೆ ಕೀಲಿ ಕೊಟ್ಟ. ಅಷ್ಟಕ್ಕೆ ಇವಳು ಅತ್ತಳು. ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದೆ.

ನವ್ಯಶ್ರೀ ಕೈಲಿ ಅಪ್ಪಯ್ಯಣ್ಣನಿಗೆ ಸ್ಲೇಟು ಕಳಿಸಿದೆ. “ವೀಳ್ಯ ಮುನಿಕೃಷ್ಣನಿಗೆ ಕೊಡು. ಹಾರ್ಮೋನಿಯಂ ತರಬೇಡ.” ಬರೆಯುವಾಗ ಬಳಪ ಎರಡು ಸಲ ಮುರಿಯಿತು. ಸಿಂಹಾಸನ ಇಳಿಯುವುದು ಸ್ಟೇಜಿನ ಮೇಲೆ ಎಷ್ಟು ಸುಲಭ...

ಮಹಾಜನಗಳೇ, ಇವತ್ತು ಎಲ್ಲರೂ ನಿಮ್ಮ ನಿಮ್ಮ ಮನೆಗೆ ಹೋಗಿ. ಇದು ನಿಮಗಲ್ಲ.

ನಾಳೆ ಬೆಳಿಗ್ಗೆ, ಇವಳು ಅಡುಗೆಮನೆಯಲ್ಲಿ ಕಾಫಿ ಸೋಸುವಾಗ ಬಾಗಿಲ ಹತ್ತಿರ ನಿಲ್ಲುತ್ತೇನೆ. ವಿಮಾನ ಬಂದರೆ ದಾಟಿಹೋಗುವ ತನಕ ಕಾಯುತ್ತೇನೆ. ಆಮೇಲೆ, ಉಸಿರಿಗಿಂತ ಒಂದೇ ಎಳೆ ಜೋರಾಗಿ, ಬರೀ ಹೆಸರು: ವರಲಕ್ಷ್—