ಟೆಸ್ಸಾಳ ಪುಸ್ತಕಕ್ಕೊಂದು ಬೆನ್ನುಡಿ

ಜನವರಿ ೯, ಬೆಳಿಗ್ಗೆ

ಮತ್ತೆ ಸಲಿಕೆ, ಮತ್ತೆ ಹಿಮ. ಅಂತೂ ಕಾರು ಹೊರಬಂತು. ಇವತ್ತಿನ ಕ್ಲಾಸು: ಕಾದಂಬರಿ ಬರೆಯುವುದು ಹೇಗೆ. ನನ್ನವು ಎರಡು ಅಚ್ಚಾಗಿವೆ, ಮೂರನೆಯದು ಹೆಪ್ಪಾಗಿದೆ. ಬರೆಯಲಾಗದವಳು ಕಲಿಸುತ್ತಾಳೆ.

ಸ್ಟಾಫ್ ರೂಮಿನಲ್ಲಿ ನಾನು ಬಿಡಿಸಿದ ಹೊಸ ಚಿತ್ರ ತೂಗುಹಾಕಿದ್ದಾರೆ. ಪಕ್ಕದ ಕೋಣೆಯ ಲೈಲ್ ಕಾಫಿ ಹೀರುತ್ತಾ ನೋಡಿದ.

"ಮತ್ತೆ ಸುಪೀರಿಯರ್ ಸರೋವರಾನೇ? ಬೇರೆ ನೀರೇ ಸಿಗ್ಲಿಲ್ವಾ ನಿಂಗೆ, ಸಿಗ್ನೆ?"

"ಬಣ್ಣ ಉಳಿಯುತ್ತೆ ಮಾರಾಯ. ಬರೀ ಬಿಳಿ."

ಜನವರಿ ೧೪

ಟೆಸ್ಸಾಳ ಮೇಲ್. ಹಳೆಯ ವಿದ್ಯಾರ್ಥಿನಿ. ಮೊದಲ ಕಾದಂಬರಿ ನ್ಯೂಯಾರ್ಕಿನಲ್ಲಿ ಅಚ್ಚಿಗೆ ಹೋಗುತ್ತಿದೆ, ಬೆನ್ನುಡಿಗೆ ನನ್ನ ಎರಡು ಸಾಲು ಬೇಕಂತೆ. ಬೆನ್ನು — ತಟ್ಟುವುದಕ್ಕೂ ಅದೇ ಜಾಗ, ಇರಿಯುವುದಕ್ಕೂ ಅದೇ.

ಜನವರಿ ೧೫

ಮೊದಲ ಪುಟ. ಒಬ್ಬ ತಾಯಿ. ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಹೋದ ಮಗಳು. ಮನೆಯಲ್ಲಿ ಹೀಟರಿನ ಮೇಲೆ ಒಣಗುತ್ತಿರುವ ಉಣ್ಣೆಯ ಕೈಗವಸು. ಒಂದೇ ಒಂದು.

ನನ್ನ ಹೀಟರು. ನನ್ನ ಮಗಳು ಬ್ರಿಟಾ.

ಜನವರಿ ೧೬

ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ — ದುಃಖ ಎಂದು ಬರೆಯಬೇಡಿ, ಒಂದು ವಸ್ತು ತೋರಿಸಿ. ಉದಾಹರಣೆಗೆ, ಒಬ್ಬ ತಾಯಿ, ಹೀಟರಿನ ಮೇಲೆ ಒಂದೇ ಕೈಗವಸು... ಯಾರ ತಾಯಿ ಎಂದು ಹೇಳಿದವಳಲ್ಲ. ಹೇಳಿದ್ದರೆ ಕ್ಲಾಸು ಮುಗಿಯುವವರೆಗೆ ನಿಲ್ಲಲಾಗುತ್ತಿರಲಿಲ್ಲ. ನನ್ನ ಮೂರನೆಯ ಕಾದಂಬರಿಯೂ ಅದೇ. ವರ್ಷಗಟ್ಟಲೆ ಬರೆದರೂ ಕೈಗವಸಿನಾಚೆ ಕೈ ಓಡಿಲ್ಲ.

ನನ್ನ ಪುಸ್ತಕಗಳ ಏಜೆಂಟ್ ರಾಸ್ ಫೋನಿನಲ್ಲೇ ಕೂಗಾಡಿದಳು. "ಅವಳ್ದು ಮೊದ್ಲು ಬಂದ್ರೆ ನಿಂದು ಮುಗೀತು ಕಣೆ. ಕದ್ದವಳು ನೀನೇ ಅಂತಾರೆ ಜನ. ಬಾಯಿಬಿಟ್ಟು ಹೇಳು!"

ಜನವರಿ ೧೯

ಟೆಸ್ಸಾಗೆ ಕರೆ ಮಾಡಿದೆ.

"ಆ ಕೈಗವಸು..."

"ನಿಮ್ದೇ ಪಾಠ ಪ್ರೊಫೆಸರ್! ಕ್ಲಾಸಿಗೋಸ್ಕರ ಕಟ್ಟಿ ಹೇಳಿದ್ರಲ್ಲ, ಅದೇ ತಲೇಲಿ ಕೂತ್ಬಿಡ್ತು." ಆಮೇಲೆ ದನಿ ಇಳಿಯಿತು. "ಯಾಕೆ... ಯಾರಿಗಾದ್ರೂ ನಿಜವಾಗ್ಲೂ ಆಗಿತ್ತಾ? ಹಾಗಿದ್ರೆ ನಂಗೆ ಈ ಪುಸ್ತಕಾನೇ ಬೇಡ. ನಿಲ್ಲಿಸಿಬಿಡ್ತೀನಿ."

ನಾಲಿಗೆ ತುದಿಗೆ ಬಂದಿತ್ತು.

"ಪೂರ್ತಿ ಓದಿಲ್ಲ ಇನ್ನೂ. ಓದಿ ಹೇಳ್ತೀನಿ."

ಫೆಬ್ರವರಿ ೨

ಓದಿ ಮುಗಿಸಿದೆ. ಹುಡುಗಿ ಸಾಯುವುದಿಲ್ಲ! ಹಿಮಗಡ್ಡೆ ಕೊರೆದು ಮೀನು ಹಿಡಿಯುವ ಮುದುಕನೊಬ್ಬನ ಗೂಡಿನಲ್ಲಿ ಬೆಚ್ಚಗೆ ಕೂತಿರುತ್ತಾಳೆ. ಎಂಥ ಸುಳ್ಳು. ಕ್ಲಾಸಿನಲ್ಲಾಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಹೊಗಳಿ ಎರಡು ಸಾಲು ಕಳಿಸಿದೆ. ಜೊತೆಗೆ ಬರೆದೆ — ಆ ಕೈಗವಸು ಬರೀ ಉದಾಹರಣೆ, ಯಾರದೂ ಅಲ್ಲ.

ನನ್ನ ಕಾದಂಬರಿ ಕೈಬಿಟ್ಟೆ ಎಂದು ರಾಸ್‌ಗೆ ತಿಳಿಸಿದೆ. "ನಿಂಗೆ ತಲೆ ಕೆಟ್ಟಿದೆ," ಎಂದಳು. ಇರಬಹುದು.

ಫೆಬ್ರವರಿ ೩, ಸಂಜೆ

ಕೊನೆಯ ಪುಟ ಮತ್ತೆ ಓದಿದೆ. ಬಾಗಿಲು ತೆರೆಯುತ್ತದೆ. ಹುಡುಗಿಯ ಕೂದಲ ತುಂಬ ಹಿಮ. "ಅಮ್ಮಾ, ಹೊಟ್ಟೆ ಹಸೀತಿದೆ. ಏನಿದೆ?"

ಅಷ್ಟಕ್ಕೇ ನಿಲ್ಲಿಸಿದ್ದಾಳೆ ಟೆಸ್ಸಾ. ತಾಯಿಯ ಉತ್ತರ ಬರೆದಿಲ್ಲ.

ಆಲೂಗಡ್ಡೆ ಬೇಯಿಸಿದ್ದೀನಿ ಪುಟ್ಟೀ. ಬಿಸಿ ಇದೆ ಇನ್ನೂ. ಬಾಗಿಲು ಹಾಕು, ಬಾ, ಇಲ್ಲಿ ಕೂತ್ಕೋ... ನಿಂಗೆ ಬೆಣ್ಣೆ—