ಮೇ ತಿಂಗಳಲ್ಲಿ ಕ್ರಿಸ್ಮಸ್ ಜೋಗುಳ

ಮೇ 29, ಬೆಳಿಗ್ಗೆ

ಕೋಳಿಗಳಿಗೆ ಹಾಕಿದ್ದಾಯ್ತು. ಮೊಟ್ಟೆ ಬೇಯಲು ಇಟ್ಟಿದ್ದೇನೆ, ನಾಳೆ ಬಸ್ಸಿಗೆ. ಜೊತೆಗೆ ಬ್ರೆಡ್ಡು, ಹಂದಿಕೊಬ್ಬು, ಉಪ್ಪುನೀರಲ್ಲಿ ಹುಳಿ ಬರಿಸಿದ ಸೌತೆಕಾಯಿ. ಪಕ್ಕದ ಮನೆ ಲೋಜ್ಯಾ ಬೇಲಿಯಾಚೆಯಿಂದ ಇಣುಕಿದಳು.

"ಅಷ್ಟೊಂದು ಮೊಟ್ಟೆ ಯಾಕೆ ಗೆನ್ಯಾ? ಬಸ್ಸೆಲ್ಲ ನಾರುತ್ತೆ ಕಣೇ."

"ನೀನು ಹತ್ತಿದರೆ ಹೇಗೂ ನಾರುತ್ತೆ."

ನಕ್ಕಳು. ಬೈದರೂ ನಗುತ್ತಾಳೆ, ಅದಕ್ಕೇ ನನಗೆ ಇನ್ನೂ ಸಿಟ್ಟು.

ನಮ್ಮೂರ ಹೆಂಗಸರ ಸಂಘದ ಪ್ರವಾಸ. ಪಿಯಾನೊ ಸಂಗೀತಗಾರ ಶೋಪೆನ್ ಹುಟ್ಟಿದ ಮನೆ, ಅವನಿಗೆ ಜ್ಞಾನಸ್ನಾನ ಆದ ಚರ್ಚು, ವಾರ್ಸಾದಲ್ಲಿ ಅವನ ಹೃದಯ ಇಟ್ಟಿರುವ ಕಂಬ. ಕೊನೆಗೆ ವೆರ್ಬೊವೊ ಬಂಗಲೆ. ಮಿಕ್ಕದ್ದೆಲ್ಲ ನೆಪ. ವೆರ್ಬೊವೊದಲ್ಲಿ ಕಿಂಗಾ ಪಿಯಾನೊ ನುಡಿಸುತ್ತಾಳೆ — ನನ್ನ ಮೊಮ್ಮಗಳು. ಅವಳ ತಾಯಿ, ನನ್ನ ಮಗಳು, ಮುದುಕರನ್ನು ನೋಡಿಕೊಳ್ಳೋ ಕೆಲಸ ಅಂತ ಜರ್ಮನಿಗೆ ಹೋದಾಗ ಕಿಂಗಾಗೆ ನಾಲ್ಕು ವರ್ಷ. ಅಲ್ಲಿಂದ ನಾನೇ ಸಾಕಿದ್ದು. ಈಗ ಹದಿನೇಳು. ಪಟ್ಟಣದ ಸಂಗೀತ ಶಾಲೆ, ಹಾಸ್ಟೆಲ್ಲು.

ಭಾನುವಾರ ಮೂವರು ನುಡಿಸ್ತಾರೆ. ಒಬ್ಬರನ್ನು ಆರಿಸಿ ವಾರ್ಸಾದ ದೊಡ್ಡ ಸಭಾಂಗಣಕ್ಕೆ ಕಳಿಸ್ತಾರೆ. ನಮ್ಮ ಕಡೆಯಿಂದ ಇದುವರೆಗೆ ಯಾರೂ ಹೋದದ್ದಿಲ್ಲ. ಇದನ್ನು ಊರಲ್ಲಿ ಎಷ್ಟು ಸಲ ಹೇಳಿದೆನೋ. ಹಾಲಿನ ಡೈರಿಯವನಿಗೂ ಬಾಯಿಪಾಠ.

ಕಿಂಗಾ ಫೋನಲ್ಲಿ ಗೊಣಗಿದಳು. "ನೀನು ಬಾ ಅಜ್ಜಿ. ಊರನ್ನೇ ಯಾಕೆ ಎತ್ಕೊಂಡು ಬರ್ತೀಯ?"

"ಚಪ್ಪಾಳೆ ತಟ್ಟೋಕೆ."

"ನಡುವೆ ತಟ್ಟಬಾರದು. ನಾನು ಎದ್ದು ನಿಂತ ಮೇಲೆ ಮಾತ್ರ."

"ನನಗೇ ಪಾಠ ಹೇಳ್ತೀಯ? ನಾನು ಚರ್ಚಲ್ಲಿ ಹಾಡೋಕೆ ಶುರು ಮಾಡಿದಾಗ ನಿಮ್ಮಮ್ಮ ಇನ್ನೂ ಹುಟ್ಟಿರಲಿಲ್ಲ."

ಮೊಟ್ಟೆ ಕುದೀತಿದೆ…

ಮೇ 30, ಸಂಜೆ

ಹುಟ್ಟಿದ ಮನೆ ನೋಡಿದೆವು. ತೋಟ ಚೆನ್ನಾಗಿದೆ, ಕಳೆ ಒಂದೂ ಇಲ್ಲ. ಲೋಜ್ಯಾ ಕೋಣೆ ನೋಡಿ, "ಇದಕ್ಕಿಂತ ನನ್ನ ಹಸುವಿನ ಕೊಟ್ಟಿಗೆ ದೊಡ್ಡದು" ಅಂದಳು. "ನಿನ್ನ ಹಸು ಪಿಯಾನೊ ನುಡಿಸಲ್ವಲ್ಲ" ಅಂದೆ. ಡ್ರೈವರ್ ಕೂಡ ನಕ್ಕ.

ಜ್ಞಾನಸ್ನಾನದ ಚರ್ಚು ನೋಡಿದರೆ ಕೋಟೆ ಇದ್ದ ಹಾಗಿದೆ, ಮೂಲೆಗೊಂದು ದುಂಡು ಗೋಪುರ. ಒಳಗೆ ಯಾರೋ ಆರ್ಗನ್ ಅಭ್ಯಾಸ ಮಾಡ್ತಿದ್ದರು. ಮಾತೆ ಮರಿಯಳ ಹಾಡು. ಮೇ ತಿಂಗಳು ಪೂರ್ತಿ ದಾರಿಬದಿಯ ಶಿಲುಬೆಗಳ ಹತ್ತಿರ ನಿಂತು ಹಾಡಿಯೇ ಇದ್ದೇವೆ, ಗಂಟಲು ಹದವಾಗಿತ್ತು. ಹಾಡು ಎತ್ತಿದೆ. ನಾನು ಎತ್ತಿದ ಮೇಲೆ ನಮ್ಮ ಹೆಂಗಸರು ಬಿಡ್ತಾರೆಯೇ? ಎರಡನೇ ಸಾಲಿಗೆ ಎಲ್ಲರೂ ಸೇರಿದರು. ಮಾಡಿನವರೆಗೆ ತುಂಬಿಕೊಂಡಿತು. ಹೊರಗಿನ ಜನ ನಿಂತು ಕೇಳಿದರು. ಒಬ್ಬಳು ಫೋನಲ್ಲಿ ಹಿಡಿದುಕೊಂಡಳು.

ಊರಲ್ಲೂ ಇಷ್ಟೇ. ಆರ್ಗನ್ನು ಒಂದು ಸಾಲು ಕೊಡಬೇಕು, ನಾನು ಎತ್ತಬೇಕು, ಮಿಕ್ಕವರು ಹಿಂದೆ. ನಾನು ಎತ್ತದಿದ್ದರೆ ಪಾದ್ರಿಯೂ ನನ್ನ ಕಡೆ ನೋಡ್ತಾರೆ.

ಹೆಮ್ಮೆ ಪಟ್ಟೆ. ಪಟ್ಟೆ ಅಂತಲೇ ಬರೀತೀನಿ.

ಮೇ 31, ಬೆಳಿಗ್ಗೆ, ವಾರ್ಸಾ

ಕಂಬ ನೋಡಿದ್ದಾಯ್ತು. ದೇಹ ಪ್ಯಾರಿಸ್ಸಲ್ಲಿ, ಹೃದಯ ಇಲ್ಲಿ. ಅವನ ಅಕ್ಕ ಬಚ್ಚಿಟ್ಟುಕೊಂಡು ತಂದಳಂತೆ. ಲೋಜ್ಯಾ ಕಣ್ಣೊರೆಸಿಕೊಂಡಳು. "ಎಲ್ಲೇ ಇದ್ರೂ ಮನಸ್ಸು ಮನೇಲೇ ಇರುತ್ತಲ್ವಾ ಗೆನ್ಯಾ?"

"ನನ್ನ ಮಗಳದು ದೇಹ, ಹೃದಯ ಎರಡೂ ಜರ್ಮನಿಲೇ" ಅಂದೆ.

ಲೋಜ್ಯಾ ಕರವಸ್ತ್ರ ಮಡಚಿದಳು. ಮಿಕ್ಕವರು ಕಂಬದ ಕಡೆ ತಿರುಗಿದರು. ಈ ನಾಲಿಗೆಗೆ ಯಾವಾಗ ಬುದ್ಧಿ ಬರುತ್ತೋ.

ಊಟಕ್ಕೆ ಮುಂಚೆ ವೆರ್ಬೊವೊ ಸೇರ್ತೀವಿ. ಹಸಿರು ಸ್ಕಾರ್ಫ್ ಹಾಕ್ಕೋಬೇಕು, ಕಿಂಗಾಗೆ ದೂರದಿಂದಲೇ ಕಾಣಲಿ.

ಜೂನ್ 1

ಇವತ್ತು ಏನೂ ಇಲ್ಲ. ಕೋಳಿ. ನೀರು.

ಜೂನ್ 4, ಪರಮಪ್ರಸಾದದ ಹಬ್ಬ

ದೇವರ ಮೆರವಣಿಗೆ. ಮಕ್ಕಳು ಹೂವಿನ ಎಸಳು ಎರಚಿಕೊಂಡು ಹೋದರು. ದಾರಿಯ ಮೊದಲನೇ ಪೂಜಾ ಚಪ್ಪರದ ಹತ್ತಿರ ಎಲ್ಲರೂ ನಿಂತು ನನ್ನ ಕಡೆ ನೋಡಿದರು. ಎತ್ತಲಿಲ್ಲ. ಕೆಮ್ಮಿದ ಹಾಗೆ ಮಾಡಿದೆ. ಕೊನೆಗೆ ಲೋಜ್ಯಾ ಎತ್ತಿದಳು, ಎಲ್ಲಿಂದಲೋ ಎಲ್ಲಿಗೋ ಹೋಯಿತು. ಬೇರೆ ದಿನ ಆಗಿದ್ದರೆ ಅವಳ ಮಾನ ಕಳೀತಿದ್ದೆ.

ಬರೆದುಬಿಡ್ತೀನಿ. ಇಲ್ಲದಿದ್ದರೆ ಒಳಗೇ ಕೊಳೆಯುತ್ತೆ.

ವೆರ್ಬೊವೊ ಬಂಗಲೆಯ ಸಭಾಂಗಣ ಸಣ್ಣದು. ಮುಂದೆ ತೀರ್ಪು ಕೊಡೋರು ಮೂವರು, ಪಕ್ಕದಲ್ಲಿ ಕಿಂಗಾಳ ಟೀಚರು. ನಾವು ಹಿಂದಿನ ಎರಡು ಸಾಲು. ಮೊದಲು ಒಬ್ಬ ಹುಡುಗ ನುಡಿಸಿದ. ಆಮೇಲೆ ಕಿಂಗಾ. ಕಪ್ಪು ಬಟ್ಟೆ, ಕೂದಲು ಎತ್ತಿ ಕಟ್ಟಿದ್ದಳು. ನನ್ನ ಸ್ಕಾರ್ಫ್ ನೋಡಿದಳು, ತುಟಿ ಒಂದಿಷ್ಟು ಅಲುಗಿತು.

ಶುರುವಾದದ್ದು ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಗುಡುಗು, ಗಾಳಿ. ಈ ಹುಡುಗಿ ಒಳಗೆ ಇಷ್ಟು ಸಿಟ್ಟು ಎಲ್ಲಿತ್ತು ಅಂದುಕೊಂಡೆ. ಹೆದರಿಕೆಯೂ ಆಯ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ನಿಂತು, ಸಣ್ಣಗೆ, ಮೆತ್ತಗೆ — ಮಗು ಯೇಸುವನ್ನು ಮಲಗಿಸುವ ಜೋಗುಳ. ನಮ್ಮದೇ. ಕ್ರಿಸ್ಮಸ್ ರಾತ್ರಿ ಹಾಡೋದು. ಅವಳಮ್ಮ ಹೋದ ಆ ಚಳಿಗಾಲ ದಿನಾ ಇದನ್ನೇ ಹಾಡಿ ಅವಳನ್ನು ಮಲಗಿಸಿದ್ದು. ಶೋಪೆನ್ ತನ್ನ ಸಂಗೀತದ ನಡುವೆ ಅದನ್ನು ಇಟ್ಟಿದ್ದಾನೆ ಅಂತ ನನಗೆ ಯಾರು ಹೇಳಿದ್ದರು? ಅವಳೂ ಹೇಳಿರಲಿಲ್ಲ. ನನಗೆ ಅಂತಲೇ ಮುಚ್ಚಿಟ್ಟಿದ್ದಳೇನೋ.

ಪಿಯಾನೊ ಒಂದು ಸಾಲು ಕೊಟ್ಟಿತು. ನಾನು ಎತ್ತಿದೆ.

ಯೋಚನೆ ಮಾಡಲಿಲ್ಲ. ಬಾಯಿ ತಾನಾಗಿ ತೆರೆಯಿತು. ಎರಡನೇ ಸಾಲಿಗೆ ಲೋಜ್ಯಾ, ಆಮೇಲೆ ಸಂಘದ ಅಷ್ಟೂ ಹೆಂಗಸರು. ಕಿಟಕಿಯಾಚೆ ಲೈಲಾಕ್ ಹೂ ಬಿಟ್ಟಿದೆ, ಒಳಗೆ ನಾವು ಕ್ರಿಸ್ಮಸ್ ಹಾಡ್ತಿದ್ದೇವೆ! ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬ ದಾಟಿದ ಮೇಲೆ ಕ್ರಿಸ್ಮಸ್ ಹಾಡು ಹಾಡಬಾರದು; ಒಂದು ಸಾಲು ಗುನುಗಿದ್ದಕ್ಕೆ ಲೋಜ್ಯಾಳನ್ನು ಬೈದವಳು ನಾನು.

ಮುಂದಿನವರು ತಿರುಗಿದರು. ಯಾರೋ ನಕ್ಕರು. ಕಿಂಗಾಳ ಕೈ ನಿಂತಿತು. ಪಿಯಾನೊ ನಿಂತಮೇಲೂ ಇನ್ನೊಂದು ಸಾಲು ಹಾಡಿದೆವು, ಅದೇ ಹೆಚ್ಚು ನಾಚಿಕೆ. ತೀರ್ಪು ಕೊಡೋರಲ್ಲಿ ಒಬ್ಬ, ಕನ್ನಡಕದವನು, ಅಂದ: "ಜಾನಪದ ಮೇಳ ಬೇರೆ ದಿನ ಇದೆ, ತಾಯಂದಿರೇ."

ಕಿಂಗಾ ಮತ್ತೆ ಮೊದಲಿಂದ ಶುರು ಮಾಡಿದಳು. ಆ ಜಾಗಕ್ಕೆ ಬಂದಳು. ಕೈ ತಪ್ಪಿತು. ಹೇಗೋ ಮುಗಿಸಿದಳು. ಆರಿಸಿದ್ದು ಆ ಹುಡುಗನನ್ನು.

ಇಷ್ಟೇ ಆಗಿದ್ದರೆ… ಇಷ್ಟೇ ಅಲ್ಲ. ಸಾಕು ಇವತ್ತಿಗೆ.

ಜೂನ್ 8

ಕಿಂಗಾ ಫೋನ್ ಎತ್ತಲಿಲ್ಲ. ಶನಿವಾರ ಮನೆಗೂ ಬರಲಿಲ್ಲ. ಹುಳಿ ಸೂಪು ಮಾಡಿಟ್ಟಿದ್ದೆ. ಹಂದಿಗೆ ಹಾಕಿದೆ.

ಜೂನ್ 9

ಇವತ್ತೂ ಎತ್ತಲಿಲ್ಲ.

ಜೂನ್ 13

ಪಾಪನಿವೇದನೆಗೆ ಹೋದೆ. ಜಾಲರಿಯಾಚೆ ನಮ್ಮ ಹೊಸ ಪಾದ್ರಿ, ಇನ್ನೂ ಮೀಸೆ ಬಲಿಯದವನು. ಹಾಡಿದ ಕಥೆ ಹೇಳಿದೆ. ಅವನ ಭುಜ ಕುಣಿಯಿತು. ನಗ್ತಿದ್ದಾನೆ! ಕತ್ತಲಲ್ಲಿ ನನಗೆ ಕಾಣಲ್ಲ ಅಂದುಕೊಂಡ.

"ಹಾಡೋದು ಪಾಪ ಅಲ್ಲಮ್ಮ" ಅಂದ.

"ಹಾಡಿದ್ದಕ್ಕೆ ಬಂದಿಲ್ಲ ಫಾದರ್. ನಗೋದು ಮುಗಿದ ಮೇಲೆ ಹೇಳಿ, ಮಿಕ್ಕದ್ದು ಹೇಳ್ತೀನಿ."

ಮಿಕ್ಕದ್ದು ಇದು. ಬಂಗಲೆಯ ಮೆಟ್ಟಿಲ ಮೇಲೆ ಕಿಂಗಾ ಅಳ್ತಾ ನಿಂತಿದ್ದಳು. ಟೀಚರು ಭುಜ ಹಿಡಿದಿದ್ದರು. ಹೆಂಗಸರೆಲ್ಲ ತಲೆ ತಗ್ಗಿಸಿ ಬಸ್ಸಿನ ಕಡೆ ಹೋಗ್ತಿದ್ದರು. ಕಿಂಗಾ ಬೈಯಲಿಲ್ಲ. "ಯಾಕಜ್ಜಿ?" ಅಂತ ಕೇಳಿದಳು, ಅಷ್ಟೇ. ತಪ್ಪಾಯ್ತು ಅಂದಿದ್ದರೆ ಮುಗೀತಿತ್ತು. ಟೀಚರ ಎದುರಿಗೆ, ಲೋಜ್ಯಾ ಎದುರಿಗೆ ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ. ಬೇರೆಯದು ಬಂತು.

"ಒಂದು ಜೋಗುಳಕ್ಕೆ ಕೈ ಬಿಡೋಳು ಎಂಥ ಪಿಯಾನೊ ನುಡಿಸ್ತೀಯ? ಥೇಟ್ ನಿಮ್ಮಮ್ಮ ನೀನು. ಸ್ವಲ್ಪ ಗಾಳಿ ಬೀಸಿದರೆ ಎಲ್ಲ ಬಿಟ್ಟು ಓಡೋಳು."

ಅವಳು ಅಳೋದು ನಿಲ್ಲಿಸಿದಳು. ಅದು ಅತ್ತದ್ದಕ್ಕಿಂತ ಕೆಟ್ಟದಾಗಿತ್ತು. ಶಾಲೆಯ ವ್ಯಾನು ಹತ್ತಿದಳು, ಹಿಂತಿರುಗಿ ನೋಡಲಿಲ್ಲ.

ಪಾದ್ರಿ ನಗು ನಿಲ್ಲಿಸಿದ. ಆಮೇಲೆ, "ದೇವರು ಕ್ಷಮಿಸ್ತಾನೆ. ಆದರೆ ನೀವು ಅಂದದ್ದು ದೇವರಿಗಲ್ಲವಲ್ಲ" ಅಂದ. ಮೀಸೆ ಬಲಿಯದಿದ್ದರೂ ತಲೆ ಬಲಿತಿದೆ.

ಮಧ್ಯಾಹ್ನ ಲೋಜ್ಯಾ ಬಂದಳು. ಬೈದಳು. ನನ್ನನ್ನು! "ಹಾಡಿನಲ್ಲಿ ನಾವೂ ಇದ್ವಿ, ಅದು ಎಲ್ಲರ ತಪ್ಪು. ಆ ಮಾತು ನಿನ್ನೊಬ್ಬಳದೇ ಕಣೇ ಗೆನ್ಯಾ. ಹೋಗಿ ಹೇಳು." ಅವಳು ಬೈದದ್ದು ಇದೇ ಮೊದಲು. ನಗಲಿಲ್ಲ. ಟೀ ಕೂಡ ಕುಡಿಯದೆ ಎದ್ದು ಹೋದಳು.

ಜೂನ್ 19, ಮಧ್ಯಾಹ್ನ

ಬಸ್ಸಲ್ಲಿ ಬರೀತಿದ್ದೇನೆ, ಅಕ್ಷರ ಕುಣೀತಿದೆ. ಮನೆಗೆ ವಾಪಸು.

ಸ್ಟ್ರಾಬೆರಿ ಬುಟ್ಟಿ ಹಿಡಿದು ಸಂಗೀತ ಶಾಲೆಗೆ ಹೋದೆ. ಉದ್ದ ಓಣಿ, ಎರಡೂ ಕಡೆ ಬಾಗಿಲು, ಒಂದೊಂದರ ಹಿಂದೆ ಒಂದೊಂದು ಗದ್ದಲ. ಅವಳದು ಗೊತ್ತಾಯ್ತು. ಆಲಿಕಲ್ಲು. ಗಾಳಿ. ಬಾಗಿಲ ಹೊರಗೇ ನಿಂತೆ. ಜೋಗುಳ ಬರೋ ಜಾಗಕ್ಕೆ ಬಂತು, ನಿಂತುಹೋಯ್ತು. ಮತ್ತೆ ಮೊದಲಿಂದ. ಅಲ್ಲೇ ನಿಂತಿತು.

ನೆಲ ಒರೆಸೋ ಹೆಂಗಸು ಹೇಳಿದಳು, "ಆ ಹುಡುಗಿ ಅಲ್ಲೇ ಎಡವುತ್ತೆ, ಪಾಪ. ಮೊದಲು ಹೀಗಿರಲಿಲ್ಲ. ಹೊರಗೆ ಹೋಗಿ ಬಂದಾಗಿನಿಂದ."

ಬುಟ್ಟಿ ಇನ್ನೊಂದು ಕೈಗೆ ತೆಗೆದುಕೊಂಡು ಬಾಗಿಲು ತಳ್ಳಿದೆ.

ಕಿಂಗಾ ಏಳಲಿಲ್ಲ. ಬುಟ್ಟಿ ನೋಡಿದಳು. ನನ್ನನ್ನು ನೋಡಲಿಲ್ಲ.

"ನಿಮ್ಮಮ್ಮನ್ನ ಎಳೆದು ತಂದು ಅಂದೆನಲ್ಲ, ಅದು ಅನ್ನಬಾರದಿತ್ತು. ಸುಳ್ಳು ಅದು. ತಪ್ಪು… ತಪ್ಪಾಯ್ತು ಮಗಳೇ." ಬಸ್ಸಿನ ತುಂಬ ಇದನ್ನೇ ಹೇಳಿಕೊಂಡು ಬಂದಿದ್ದೆ, ಆದರೂ ತೊದಲಿದೆ.

ಕಿಂಗಾ ಪಿಯಾನೊ ಮೇಲಿನ ಹಾಳೆ ಸರಿಮಾಡಿದಳು.

"ನೀನು ಹಾಡಿದ್ದಕ್ಕೆ ನನಗೆ ಸಿಟ್ಟಿಲ್ಲ ಅಜ್ಜಿ. ಅದು ನಿನಗೆ ಅಂತಲೇ ಆರಿಸಿಕೊಂಡಿದ್ದು. ಹಾಡ್ತೀಯ ಅಂತ ಗೊತ್ತಾಗಬೇಕಿತ್ತು ನನಗೆ." ಮೂಗು ಒರೆಸಿಕೊಂಡಳು. "ಆದರೆ ಈಗ ಆ ಜಾಗಕ್ಕೆ ಬಂದ ತಕ್ಷಣ ಕೇಳೋದು ಜೋಗುಳ ಅಲ್ಲ. ಓಡೋಳು, ಓಡೋಳು ಅಂತ. ನಿನ್ನ ದನೀಲೇ. ಕೈ ನಿಂತುಬಿಡುತ್ತೆ."

ಭೂಮಿ ಬಾಯಿ ಬಿಟ್ಟಿದ್ದರೆ ಇಳೀತಿದ್ದೆ.

"ಕೂತ್ಕೋ" ಅಂದಳು. "ಆ ಜಾಗ ಬಂದಾಗ ಹಾಡು. ಆ ಮಾತಿನ ಮೇಲೆ ಈ ಹಾಡು ಹಾಕು. ನಿನ್ನ ಬಾಯಿಂದಲೇ ಹೋಗಬೇಕು ಅದು."

ಕೂತೆ. ಬುಟ್ಟಿ ಮಡಿಲಲ್ಲಿ. ನುಡಿಸಿದಳು. ಆಲಿಕಲ್ಲು ಬಿತ್ತು, ಗುಡುಗಿತು, ಗಾಳಿ ತಿರುಗಿತು. ಎಲ್ಲ ಅಡಗಿತು. ಆ ಜಾಗ ಬಂತು. ಅವಳ ಕೈ ನಿಲ್ಲಲಿಲ್ಲ. ಒಂದು ಸಾಲು ಕೊಟ್ಟಿತು ಪಿಯಾನೊ.

"ಹಾಡಜ್ಜಿ" ಅಂದಳು, ತಿರುಗದೆ.

ಬಾಯಿ ತೆರೆದೆ. ಕರೆಯದೇ ಬರ್ತಿದ್ದ ದನಿ, ಇಷ್ಟು ವರ್ಷ ಯಾರು ಬೇಡ ಅಂದರೂ ಬರ್ತಿದ್ದ ದನಿ — ಇವತ್ತು ಕರೆದಾಗ ಬರಲೇ ಇಲ್ಲ.